ಹಸುವಿನ ಹಾಲು ಮತ್ತು ಚಿಕ್ಕಪ್ಪನ ಮೀಸೆ

ನಮ್ಮ ಚಿಕ್ಕಪ್ಪ ಹೆಣ್ಣು ನೋಡಿ ಒಪ್ಪುವುದಕ್ಕೆ ಕಾಲು ಗಂಟೆ ತೆಗೆದುಕೊಂಡರಂತೆ. ಹಸು ನೋಡಿ ಒಪ್ಪುವುದಕ್ಕೆ ಮೂರು ವಾರ ತೆಗೆದುಕೊಂಡರು. ಇದು ನಾನು ಕಟ್ಟಿದ ಮಾತಲ್ಲ, ಚಿಕ್ಕಮ್ಮನೇ ಹೇಳುವುದು. ಹೇಳುವಾಗ ಅವರ ಮುಖ ನೋಡಬೇಕು. ಆ ಕಾಲು ಗಂಟೆಯ ಸಿಟ್ಟು ಇನ್ನೂ ಇಳಿದಿಲ್ಲ.

ಹಸು ನೋಡಿದ್ದು ಕೊಳ್ಳುವುದಕ್ಕಲ್ಲ, ನನ್ನ ಮಗಳಿಗೆ ಹಾಲು ಕುಡಿಸುವುದಕ್ಕೆ. ಮಗಳಿಗೆ ವರ್ಷ ತುಂಬಿತ್ತು. ಹಾಸನದ ಮಕ್ಕಳ ಡಾಕ್ಟರು, "ಇನ್ನು ಡಬ್ಬಿ ಹಾಲು ಸಾಕು. ಹಸುವಿನ ಹಾಲು ಕಾಯಿಸಿ ಲೋಟದಲ್ಲಿ ಕೊಡಿ, ಬಾಟಲಿಯನ್ನೂ ಬಿಡಿಸಿ" ಎಂದರು. ಅಷ್ಟೇ. ಇಷ್ಟು ಸಣ್ಣ ಮಾತನ್ನು ನಾನು ದುದ್ದದಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಮರುದಿನ ಮೊದಲ ಬಸ್ಸಿಗೇ ಹಾಸನಕ್ಕೆ ಬಂದಿಳಿದು, ಚಪ್ಪಲಿ ಬಿಡುವುದಕ್ಕೂ ಮೊದಲು ಡಬ್ಬಿ ಎಲ್ಲಿ ಎಂದು ಕೇಳಿದರು. ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಇದ್ರಾಗೆ ಅಸ ಎಲ್ಲೈತೆ?"

"ಅದೂ ಹಸುವಿನ ಹಾಲಿಂದಲೇ ಮಾಡೋದು ಚಿಕ್ಕಪ್ಪ. ಹಾಲು ಒಣಗಿಸಿ ಪುಡಿ ಮಾಡ್ತಾರೆ."

"ಯಾವೂರಸ?"

"ಅದನ್ನೆಲ್ಲ ಬರೆದಿರಲ್ಲ."

"ಊರು ಏಳ್ದೆ ಇದ್ದೋರ ಮನೇಲಿ ನಾವು ನೀರೂ ಕುಡಿಯಾಕಿಲ್ಲ. ನೀನು ನೋಡುದ್ರೆ ಮಗೀಗೆ ಅವರ ಆಲು ಕುಡಿಸ್ತಾ ಕುಂತಿದ್ದೀಯ. ಪುಡಿಗೆ ನೀರು ಉಯ್ದು ಅಲ್ಲಾಡ್ಸುದ್ರೆ ಆಲಾಗಂಗಿದ್ರೆ ಸಿಮೆಂಟೂ ಆಲೇ ಕಣವ್ವ."

ನಾನು ಕೆಮಿಸ್ಟ್ರಿ ಎಮ್ಮೆಸ್ಸಿ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ವಸ್ತುವನ್ನು ಮೊದಲು ಹೊಸ್ತಿಲು ದಾಟಿಸಿದವಳು. ಇದನ್ನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ. ಕಷ್ಟಪಟ್ಟವಳು ನಾನು, ಹೇಳಿಕೊಳ್ಳುವವಳೂ ನಾನೇ. ದಿನಾ ಕಾಲೇಜಿನಲ್ಲಿ ಅರವತ್ತು ಮಕ್ಕಳ ಬಾಯಿ ಮುಚ್ಚಿಸುವವಳು, ಚಿಕ್ಕಪ್ಪನಿಗೆ ಸಿಮೆಂಟಿಗೂ ಹಾಲಿನ ಪುಡಿಗೂ ಇರುವ ವ್ಯತ್ಯಾಸ ವಿವರಿಸಲು ಹೊರಟೆ. ಅವರು ಮೀಸೆ ತೀಡಿಕೊಂಡರು. ಅಲ್ಲಿಗೆ ಕ್ಲಾಸು ಮುಗಿಯಿತು.

ಆ ಮೀಸೆಯ ಬಗ್ಗೆ ಎರಡು ಮಾತು ಹೇಳಬೇಕು. ಚಿಕ್ಕಪ್ಪ ಬಾಗಿಲೊಳಗೆ ಬರುವಾಗ ಮೊದಲು ಮೀಸೆ ಬರುತ್ತದೆ, ಆಮೇಲೆ ಚಿಕ್ಕಪ್ಪ. ದಿನಾ ಅದಕ್ಕೆ ಕೊಬ್ಬರಿ ಎಣ್ಣೆ, ಬಾಚಣಿಗೆ, ಕನ್ನಡಿ. ಇಷ್ಟು ಆರೈಕೆ ಅವರ ಬೈಕಿಗೆ ಸಿಕ್ಕಿದ್ದರೆ ಅವರು ಬಸ್ಸಿನಲ್ಲಿ ಬರಬೇಕಾಗಿರಲಿಲ್ಲ.

ನನ್ನ ಗಂಡ ಪಾಪ, ರಗಳೆ ಬೇಡವೆಂದು ಅಂಗಡಿಗೆ ಹೋಗಿ ಪ್ಯಾಕೆಟ್ ಹಾಲು ತಂದರು. ಚಿಕ್ಕಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಪಾಕೀಟಾಲಾ? ಇಡೀ ಜಿಲ್ಲೆ ಅಸುಗಳೆಲ್ಲ ಒಂದೇ ಟ್ಯಾಂಕರ್ನಾಗೆ ಬಂದಿರ್ತವೆ. ಆಯೋದು, ಒದಿಯೋದು, ಕದ್ದು ಮೇಯೋದು, ಎಲ್ಲಾದ್ರ ಗುಣಾನೂ ಇದ್ರಾಗೆ ಸೇರ್ಕಂಡಿರ್ತದೆ. ಮಗೀಗೆ ಒಂದೇ ಅಸೀನಾಲು ಕೊಡ್ಬೇಕು. ಅದೂ ನೋಡಿ, ವಿಚಾರ್ಸಿ."

"ಮತ್ತೆ ನೀವೇ ದಿನಾ ಡೈರಿಗೆ ಹಾಲು ಹಾಕ್ತೀರಲ್ಲ ಚಿಕ್ಕಪ್ಪ?"

"ಅದು ಬ್ಯಾರೆಯೋರ ಮಕ್ಕಳಿಗೆ."

ಹೀಗೆ ಹಸು ನೋಡುವ ಶಾಸ್ತ್ರ ಶುರುವಾಯಿತು. ಚನ್ನರಾಯಪಟ್ಟಣದ ಕಡೆ ಒಂದು ಹಸುವಿಗೆ ಕಣ್ಣು ಚೆನ್ನಾಗಿದೆ, ಆದರೆ ನಿಂತಲ್ಲಿ ನಿಲ್ಲುವುದಿಲ್ಲ; ಇದರ ಹಾಲು ಕುಡಿದರೆ ಮಗು ದೊಡ್ಡದಾದ ಮೇಲೆ ಯಾವ ಕೆಲಸದಲ್ಲೂ ನಿಲ್ಲುವುದಿಲ್ಲ ಎಂದು ಬಿಟ್ಟರು. ಹೊಳೆನರಸೀಪುರದ ಹತ್ತಿರ ಒಂದು ಕಪ್ಪು ಬಿಳುಪಿನ ಸೀಮೆಹಸು, ಬಕೇಟುಗಟ್ಟಲೆ ಕೊಡುವಂಥದ್ದು. "ಇದು ಇಂಗ್ಲಿಷ್ ಮೀಡಿಯಮ್ಮು. ಮಾರ್ಕ್ಸ್ ಬತ್ತವೆ, ಗುಣ ಬರಾಕಿಲ್ಲ" ಎಂದು ವಾಪಸ್ಸು ಬಂದರು. ಮಲ್ಲಿಪಟ್ಟಣಕ್ಕೆ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಅಲ್ಲಿ ಚಿಕ್ಕಪ್ಪ ಹಸುವಿನ ವಯಸ್ಸು ಕೇಳಿದರು, ಎಷ್ಟನೇ ಸೂಲು ಎಂದು ಕೇಳಿದರು, ಅದರ ತಾಯಿ ಯಾವ ಊರಿನದು, ತಾಯಿಗೆ ಹಾಯುವ ಅಭ್ಯಾಸ ಇತ್ತೇ ಎಂದೂ ಕೇಳಿದರು. ಮನೆಯ ಯಜಮಾನ ತಾಳ್ಮೆಯಿಂದಲೇ ಹೇಳಿದ:

"ಸಾ, ನಾವು ಆಲು ಕೊಡ್ತೀವಿ. ಜಾತಕ ಕೊಡಾಕಿಲ್ಲ."

ಆದರೂ ಮರ್ಯಾದಸ್ಥ. ಕಾಫಿ ಮಾಡಿಸಿದ. ಲೋಟ ಮುಂದೆ ಬಂದ ತಕ್ಷಣ ಚಿಕ್ಕಪ್ಪ ಹಿಂದಕ್ಕೆ ಸರಿದು, "ನಂಗೆ ಆಲಿಲ್ದೆ ಕೊಡಪ್ಪ" ಎಂದರು.

"ಅಲ್ಲ ಸಾ, ಆಲು ಎಂಗೈತೆ ಅಂತ ನೋಡಕ್ ಬಂದು ಆಲೇ ಬ್ಯಾಡ ಅಂದ್ರೆ?"

"ನೋಡದು ಮಗೀಗೆ. ನಂಗೆ ಅದರ ವಾಸ್ನೆ ಆಗಾಕಿಲ್ಲ."

ನೀವು ನಂಬುವುದಿಲ್ಲ, ಹಾಲಿನ ಮೇಲೆ ಇಷ್ಟು ಭಾಷಣ ಮಾಡುವ ಈ ಮನುಷ್ಯ ಒಂದು ತೊಟ್ಟು ಹಾಲು ಕುಡಿಯುವುದಿಲ್ಲ. ಬೆಲ್ಲದ ಕಾಫಿ, ಅದೂ ಹಾಲಿಲ್ಲದ್ದು. ಮದುವೆ ಮನೆಗಳಲ್ಲಿ ಬಾದಾಮಿ ಹಾಲು ಬಂದರೆ ಎದ್ದೇ ಹೋಗುತ್ತಾರೆ. ಕೇಳಿದರೆ ವಾಸನೆ, ಜಾಸ್ತಿ ಕೇಳಿದರೆ ಮೀಸೆಗೆ ಅಂಟುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ಇದೇ ನಾಟಕ. ಆಗ ದುದ್ದದ ಮನೆಯಲ್ಲಿ ಒಂದೇ ಹಸು. ಡೈರಿಗೆ ಹಾಕಿ ಒಂದು ಲೋಟ ಉಳಿಯುತ್ತಿತ್ತು. ಅಜ್ಜಿ ಅದನ್ನು ಹಿಡಿದು ಯಾರಿಗೆ ಕೊಡಲಿ ಎಂದು ಸುತ್ತ ನೋಡುವಷ್ಟರಲ್ಲಿ ಚಿಕ್ಕಪ್ಪ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿರುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಲೋಟ ನನ್ನ ಕೈಗೆ ಬರುತ್ತಿತ್ತು.

ಮೂರು ವಾರ ಊರೂರು ಸುತ್ತಿ ಕೊನೆಗೆ ಯಾವ ಹಸುವನ್ನು ಒಪ್ಪಿದರು ಗೊತ್ತೇ? ಅವರದೇ ಕೊಟ್ಟಿಗೆಯ ಕೆಂದಹಸುವನ್ನು. ಅಂತೂ ಸಂಬಂಧ ಒಳಗೊಳಗೇ ಆಯಿತು.

"ಮೊದಲೇ ಇದನ್ನ ಹೇಳಬಾರದಿತ್ತಾ?" ಎಂದೆ.

"ನಮ್ಮನೆ ಎಣ್ಣನ್ನ ನಾವೇ ಒಗಳ್ಕಂಡ್ರೆ ಜನ ಏನಂತಾರೆ?"

ಅಂದಿನಿಂದ ದಿನಾ ಬೆಳಿಗ್ಗೆ ಸ್ಟೀಲ್ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಪ್ಪ ದುದ್ದದಿಂದ ಹಾಸನಕ್ಕೆ. ಹಾಲು ಕುಲುಕಿದರೆ ಡ್ರೈವರಿಗೆ ಬೈಗುಳ. ಎಲ್ಲವೂ ಸರಿಯಾಗಿತ್ತು. ಒಬ್ಬರ ಅಭಿಪ್ರಾಯ ಮಾತ್ರ ಯಾರೂ ಕೇಳಿರಲಿಲ್ಲ. ನನ್ನ ಮಗಳದು.

ಅವಳು ಬಾಯಿ ಮುಚ್ಚಿದಳು. ನಾನು ವಿದ್ಯಾವಂತರ ದಾರಿ ಹಿಡಿದೆ: ಮೂರು ಪಾಲು ಡಬ್ಬಿ ಹಾಲಿಗೆ ಒಂದು ಪಾಲು ಹಸುವಿನ ಹಾಲು, ಆಮೇಲೆ ಅರ್ಧಕ್ಕರ್ಧ. "ಮಗೀನ ಒಟ್ಟೇಲಿ ಕೆಮಿಸ್ಟ್ರಿ ಮಾಡ್ಬ್ಯಾಡ" ಎಂದು ಚಿಕ್ಕಪ್ಪ ಎಚ್ಚರಿಸಿದರು. ಮಗಳು ಮೊದಲ ಗುಟುಕಿಗೇ ಮಿಶ್ರಣವನ್ನು ಪತ್ತೆ ಹಚ್ಚಿ ನನ್ನ ಕಾಲೇಜಿನ ಸೀರೆಯ ಮೇಲೆ ಉಗಿದಳು. ನನ್ನ ಕಾಲೇಜಿನ ಮಕ್ಕಳು ಲ್ಯಾಬಿನಲ್ಲಿ ಇಷ್ಟು ಚೆನ್ನಾಗಿ ಒಂದು ದಿನವೂ ಪತ್ತೆ ಹಚ್ಚಿದ್ದಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಹಾಕಿದರೆ ಅಟ್ಟದ ಕಡೆಗೇ ಕೈ ತೋರಿಸಿ ಅತ್ತಳು. ಊಟವೂ ಅಷ್ಟಕ್ಕಷ್ಟೆ ಆಯಿತು. ಡಾಕ್ಟರ ತಕ್ಕಡಿಯಲ್ಲಿ ತೂಕ ಇಳಿದಿತ್ತು. "ಗಾಬರಿ ಬೇಡ, ಇನ್ನೊಂದು ವಾರ ನೋಡೋಣ" ಎಂದರು. ಗಾಬರಿ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಯಾವ ತಾಯಿಗೆ ಗಾಬರಿಯಾಗುವುದಿಲ್ಲ ಹೇಳಿ. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದರೂ ನನ್ನ ಮನಸ್ಸು ಅವಳ ಬೆನ್ನಿನ ಮೂಳೆ ಮುಟ್ಟಿ ನೋಡುತ್ತಿತ್ತು.

ಚಿಕ್ಕಪ್ಪನಿಗೆ ಅದು ಗೊತ್ತಾಯಿತು. ಅವತ್ತು ಅವರು ತಮಾಷೆ ಮಾಡಲಿಲ್ಲ. ಮೀಸೆಯ ಮೇಲೆ ಕೈಯಿಟ್ಟು, "ಬರೋ ಬಾನ್ವಾರದೊಳ್ಗೆ ಈ ಮಗು ಆಲು ಕುಡೀದಿದ್ರೆ ಇದನ್ನ ತಗ್ದಾಕ್ತೀನಿ" ಎಂದರು. ಮಗುವನ್ನು ನೋಡಿಕೊಳ್ಳಲು ನಮ್ಮ ಜೊತೆಯಲ್ಲೇ ಇರುವ ಅಮ್ಮ, ಒಳಗಿನಿಂದಲೇ "ಕತ್ರಿ ನಮ್ಮನೇಲೇ ಐತೆ ಕಣಪ್ಪ" ಎಂದಳು.

ಭಾನುವಾರ ಬಂತು. ಚಿಕ್ಕಪ್ಪ ಮಗುವಿನ ಮುಂದೆ ಕೂತು ಹಸುವಿನಂತೆ ಕೂಗಿದರು, ಕರುವಿನಂತೆ ಕೂಗಿದರು, ನಾಲ್ಕು ಕಾಲಲ್ಲಿ ಹಜಾರ ಸುತ್ತಿದರು. ಪಕ್ಕದ ಮನೆಯವರು ಬಂದು ಇಣುಕಿ ಹೋದರು. ಮಗಳು ಎಲ್ಲವನ್ನೂ ಗಂಭೀರವಾಗಿ ನೋಡಿದಳು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಚಿಕ್ಕಪ್ಪನ ಬಾಯಿಗೇ ಒಡ್ಡಿದಳು.

"ತಾತಾ."

"ನಂಗೆ ವಾಸ್ನೆ ಆಗಾಕಿಲ್ಲ ಕಂದ. ನೀನು ಕುಡಿ."

"ತಾತಾ."

ಚಿಕ್ಕಪ್ಪ ನಮ್ಮ ಮುಖ ನೋಡಿದರು, ಯಾರಾದರೂ ಬಿಡಿಸುತ್ತಾರೇನೋ ಎಂದು. ಯಾರೂ ಬಿಡಿಸಲಿಲ್ಲ. ಲೋಟ ಇಸಕೊಂಡರು. ನೆಪಕ್ಕೆ ಒಂದು ಗುಟುಕು ಎಂದು ಎತ್ತಿದ್ದು, ಎತ್ತಿದ ಲೋಟ ಕೆಳಗೆ ಇಳಿಯಲೇ ಇಲ್ಲ. ಪೂರ್ತಿ ಕುಡಿದರು. ತಳದಲ್ಲಿ ಅಂಟಿದ್ದ ಕೆನೆಯನ್ನು ಬೆರಳಲ್ಲಿ ತೆಗೆದು ಅದನ್ನೂ ಬಿಡಲಿಲ್ಲ. ಆಮೇಲೆ ತಲೆ ಎತ್ತಿದರೆ, ಆ ಪ್ರಸಿದ್ಧ ಮೀಸೆ ಅರ್ಧ ಬೆಳ್ಳಗಾಗಿತ್ತು!

ಮಗಳು ಕಣ್ಣರಳಿಸಿ ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಕಿಲಕಿಲ ನಕ್ಕಳು. ಆ ಬಿಳಿ ಮೀಸೆ ಮುಟ್ಟಿದಳು, ತನ್ನ ತುಟಿಯ ಮೇಲೆ ಮುಟ್ಟಿಕೊಂಡಳು, ಅಲ್ಲಿ ಏನೂ ಇರಲಿಲ್ಲ. ನಾನು ಓಡಿಹೋಗಿ ಇನ್ನೊಂದು ಲೋಟ ಬಗ್ಗಿಸಿ ತಂದೆ. ಒಂದು ಗುಟುಕು, ಮುಖ ಎತ್ತಿ ನಮಗೆ ತೋರಿಸಿದಳು. ಇನ್ನೊಂದು ಗುಟುಕು, ಮತ್ತೆ ತೋರಿಸಿದಳು. ಅವಳಿಗೂ ಬಿಳಿ ಮೀಸೆ ಮೂಡುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಕತ್ತರಿ ಒಳಗೇ ಉಳಿಯಿತು.

ಸಮಾಧಾನವಾದ ಮೇಲೆ ನನಗೆ ತುಂಟತನ ಬಂತು. "ಏನು ಚಿಕ್ಕಪ್ಪ, ವಾಸನೆ ಬರಲಿಲ್ವಾ?" ಎಂದೆ.

ಅವರು ಕೆಮ್ಮಿದರು. ಉತ್ತರ ಬಂದದ್ದು ಅಮ್ಮನಿಂದ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕಣ್ಣು ಮೊರದಿಂದ ಎತ್ತಲಿಲ್ಲ.

"ಇವನಿಗೆಲ್ಲಿ ವಾಸ್ನೆ. ನಾನು ಮದ್ವೆಯಾಗಿ ಬಂದಾಗ ಮೀಸೇನೂ ಚಿಗುರ್ದೆ ಇದ್ದ ಹುಡ್ಗ, ಉಳಿದ ಒಂದು ಲೋಟಕ್ಕೆ ಒಲೆ ಮುಂದೇ ಕಾದು ಕುಂತಿರೋನು, ಕೆನೆ ಸಮೇತ ಕುಡಿಯೋನು. ನೀನು ನನ್ನ ಹಾಲು ಬಿಟ್ಟು ಲೋಟ ಹಿಡಿದ್ಯಲ್ಲ, ಅವತ್ತಿಂದ ಇವನಿಗೆ ವಾಸ್ನೆ ಬರಕ್ಕೆ ಶುರುವಾಯ್ತು."

"ಸುಮ್ಕಿರತ್ಗೆ, ಮಗು ಮಲಗ್ತೈತೆ" ಎಂದರು ಚಿಕ್ಕಪ್ಪ. ಮಗು ಹಜಾರದ ತುಂಬ ಓಡುತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಕ್ಯಾನು ಹಿಡಿದು ಬರುವ ಹೊತ್ತಿಗೆ ಮೇಜಿನ ಮೇಲೆ ಎರಡು ಲೋಟ ಇಟ್ಟಿದ್ದೆ, ಒಂದು ಚಿಕ್ಕದು, ಒಂದು ದೊಡ್ಡದು.

"ದೊಡ್ದು ಯಾರ್ಗವ್ವ?"

"ನಿಮ್ಮ ಮೊಮ್ಮಗಳು ಒಬ್ಬಳೇ ಕುಡಿಯಲ್ಲಂತೆ."

ಮೀಸೆ ತೀಡಿಕೊಳ್ಳಲು ಎತ್ತಿದ ಕೈ ಅಲ್ಲೇ ನಿಂತಿತು. ನಾನು ಹಾಲು ಕಾಯಿಸಿ, ಶೋಧಿಸಿಕೊಡಲು ಜಾಲರಿ ತೆಗೆದುಕೊಂಡೆ.

"ಕೆನೆ ತಗೀಬ್ಯಾಡ ಕಣವ್ವ" ಎಂದರು, ಮೆಲ್ಲಗೆ.