ಚಳ್ಳಕೆರೆಯಲ್ಲಿ ಅರಮನೆ ಕೂರಿಸಿದ್ದು

ಸಿನಿಮಾದಲ್ಲಿ ಇಲ್ಲದ್ದನ್ನು ಇದ್ದ ಹಾಗೆ ತೋರಿಸುವುದು ನನ್ನ ಕಸುಬು. ಕ್ಯಾಮೆರಾ ಕಂಡಿದ್ದನ್ನು ಕಂಪ್ಯೂಟರ್ ನೋಡಿ, ಅಳೆದು, ನಾನು ಹೇಳಿದ್ದನ್ನು ಅಲ್ಲಿ ಕೂರಿಸುತ್ತದೆ. ಅದರ ಕಣ್ಣು ಭಾರಿ ಚುರುಕು, ಬುದ್ಧಿ ಅಷ್ಟಕ್ಕಷ್ಟೇ. ಹಾಗಾಗಿ ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಬೈಗುಳ ಮಾತ್ರ ನನಗೆ. ಚಳ್ಳಕೆರೆ ಕಡೆ ಒಂದೇ ವಾರದಲ್ಲಿ ಮೂರು ಆದವು.

ಕುಂಟ ಕುರಿ

ನನ್ನಿವಾಳದ ಬಯಲಲ್ಲಿ ನಲವತ್ತು ಕುರಿಗಳನ್ನು ಚಿತ್ರೀಕರಿಸಿದೆವು. ಕಂಪ್ಯೂಟರ್ ಒಂದೊಂದನ್ನೂ ಗುರುತು ಹಿಡಿದು, ನಕಲು ಮಾಡಿ, ಸಾವಿರಾರು ಮಾಡಿತು. ಬೀಗುತ್ತಾ ಕುರಿಗಳ ಯಜಮಾನನನ್ನು ಕರೆದು ತೋರಿಸಿದೆ. ಆತ ಪರದೆಗೆ ಬೆರಳಿಟ್ಟ. "ಇದು ನಮ್ಮ ಕುಂಟಿ. ಇಲ್ಲೂ ಐತೆ. ಅಗೋ, ಅಲ್ಲೂ ಐತೆ."

ಹೌದು, ಬಯಲ ತುಂಬ ಕುಂಟುವ ಕುರಿಗಳು! ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಒಂದಕ್ಕೆ ಮುಳ್ಳು ಚುಚ್ಚಿದ್ರೆ ಇಷ್ಟೊಂದು ಕುಂಟಿಸಿಬಿಟ್ಟಲ್ಲೋ ತಮ್ಮ! ಈಗ ಇಷ್ಟು ಕಾಲಿಂದ ಮುಳ್ಳು ಯಾರು ಕೀಳ್ಬೇಕು?"

ಸೀರೆ ಎಲ್ಲಿ?

ಮೊಳಕಾಲ್ಮೂರಿನ ನೇಕಾರರೊಬ್ಬರು ನಾಯಕಿಗೆಂದು ಆಸೆಯಿಂದ ಗಿಣಿಹಸಿರು ರೇಷ್ಮೆ ಸೀರೆ ತಂದರು. ಚಿತ್ರೀಕರಣಕ್ಕೆಂದು ಹಿಂದೆ ಕಟ್ಟಿದ ಪರದೆಯೂ ಹಸಿರು. ಹಸಿರು ಕಂಡಲ್ಲೆಲ್ಲ ಕಂಪ್ಯೂಟರ್ ಅಳಿಸುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸೆಟ್ಟಿನ ಟಿವಿಯಲ್ಲಿ ನಾಯಕಿಯ ತಲೆ, ಎರಡು ಕೈ, ಜರಿಯಂಚು ಇಷ್ಟೇ ಗಾಳಿಯಲ್ಲಿ ಓಡಾಡಿದವು. ನಾನು ಟಿವಿ ಆರಿಸಲು ಓಡಿದೆ. ನೇಕಾರರು ಮಾತ್ರ ಎಲ್ಲರನ್ನೂ ಕರೆದರು.

"ಚೂಡಂಡಿ, ನೋಡ್ರಿ! ಸೀರೆ ಹೋದ್ರೂ ಜರಿ ಹೋಗಿಲ್ಲ. ಅಸಲಿ ಜರಿ ಅನ್ನೋಕೆ ಇನ್ನೇನ್ ಸಾಕ್ಷಿ ಬೇಕ್ರಿ?"

ಎಷ್ಟಡಿ ಹೋಗ್ತೈತೆ?

ನಮ್ಮ ಮೇಲಿನವರು ಇದನ್ನು ಸಾಕ್ಷಿ ಎಂದು ಒಪ್ಪಲಿಲ್ಲ. "ನಾಳೆಯ ಅರಮನೆ ದೃಶ್ಯವೂ ಕೆಟ್ಟರೆ ನಿನ್ನ ಕೆಲಸ ಹೋಯಿತು ಅಂದುಕೋ" ಎಂದರು.

ಚಳ್ಳಕೆರೆಯ ಒಂದು ಬೀದಿ. ಅಜ್ಜನೊಬ್ಬನ ಮನೆಯ ಗೋಡೆಗೆ ಕೆಂಪು ಕತ್ತರಿ ಗುರುತುಗಳನ್ನು ಅಂಟಿಸಿದೆ. ಆ ಗುರುತುಗಳ ಜಾಡು ಹಿಡಿದೇ ಕಂಪ್ಯೂಟರ್ ಅರಮನೆಯನ್ನು ಅಲ್ಲಿ ನಿಲ್ಲಿಸಬೇಕು. ಅಜ್ಜ ಓಡೋಡಿ ಬಂದ.

"ರಸ್ತೆ ಅಗಲ ಮಾಡೋರಾ? ನಮ್ಮನೆ ಎಷ್ಟಡಿ ಹೋಗ್ತೈತ್ರಿ?"

"ಒಂದಡಿಯೂ ಹೋಗಲ್ಲ ಅಜ್ಜ. ಗುರುತು ಇರೋ ಕಡೆ ಅರಮನೆ ಬರುತ್ತೆ, ಅಷ್ಟೇ."

"ಅಯ್ಯೋ ಶಿವನೇ! ನಮ್ಮನೆ ಕೆಡವಿ ಅರಮನೆ ಕಟ್ತಾರಂತೆ!"

ಸಮಾಧಾನ ಹೇಳಿ ಹೇಳಿ ಗಂಟಲು ಒಣಗಿತು. ಚಹಾ ಕುಡಿದು ಬರುವಷ್ಟರಲ್ಲಿ ಚಿತ್ರೀಕರಣವೇ ಮುಗಿದಿತ್ತು. ಗೋಡೆ ಬೋಳು. ಅಷ್ಟೂ ಗುರುತುಗಳು ಬಾಗಿಲ ಮುಂದಿನ ಎಮ್ಮೆಯ ಮೈಮೇಲೆ!

"ಏನಜ್ಜ ಇದು?"

"ಸಿಟ್ಟಾಗ್ಬೇಡ್ರಿ. ಎಮ್ಮೆ ಆದ್ರೆ ನೀವು ಹೇಳಿದಷ್ಟು ಅಡಿ ಹಿಂದಕ್ಕೆ ಕಟ್ತೀನಿ. ಗೋಡೆ ಹೆಂಗ್ ಸರಿಸ್ಲಿ?"

ಸಂಜೆ ಮೇಲಿನವರು ಲ್ಯಾಪ್‌ಟಾಪ್ ತೆರೆದರು. ಕಂಪ್ಯೂಟರ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಏಳು ಅಂತಸ್ತಿನ ಅರಮನೆ ಗೋಪುರ ಸಮೇತ ಬೀದಿ ದಾಟಿತು, ತೊಟ್ಟಿಯ ಹತ್ತಿರ ಬಾಗಿ ನೀರು ಕುಡಿಯಿತು, ಕಂಬಕ್ಕೆ ಬೆನ್ನು ಉಜ್ಜಿತು, ಕೊನೆಗೆ ಬೀದಿ ನಡುವೆ ಮಲಗಿತು.

"ಸಾರ್, ನನ್ನ ಕೆಲಸ..." ಎಂದೆ.

ಅವರು ಲ್ಯಾಪ್‌ಟಾಪ್ ಮುಚ್ಚಿದರು. "ಮೊದಲು ಹೋಗಿ ನಿನ್ನ ಅರಮನೆಯನ್ನ ಕೊಟ್ಟಿಗೆಯಲ್ಲಿ ಕಟ್ಟಿ ಬಾ. ಕೆಲಸದ ಮಾತು ಆಮೇಲೆ."