ನಿಂತ ಮರಕ್ಕೆ ಮಿಷನ್ ಇಡದ ಭಾವ

ಈ ಮೂರು ಪ್ರಸಂಗಗಳಲ್ಲಿ ಬರುವಂಥ ಮಾತು ಕೇಳಿ ಸಿಟ್ಟು ನುಂಗುವುದು ನಮಗೆ ಆಗಾಗ ಇದ್ದದ್ದೇ. ಮೊದಲನೆಯ ಪ್ರಸಂಗವನ್ನು ನನಗೆ ಹೇಳಿದವನು ಅಮಾಸೆಬೈಲಿನ ನನ್ನ ಭಾವ, ಹೆಂಡತಿಯ ತಮ್ಮ. ಹಿಂದೆ ಗರಗಸದ ಮಿಷನ್ ಹಿಡಿದು ಕೂಲಿಗೆ ಮರ ಕೊಯ್ಯುತ್ತಿದ್ದವನು. ಒಂದು ಮಳೆಗಾಲ, ಬಿದ್ದ ಮರದ ತುಂಡೊಂದರಲ್ಲಿ ಅದೇ ಮಿಷನ್ನಿನಿಂದ ಆಮೆ ಕೆತ್ತಿ ನೋಡಿದ. ಕೈ ಹಿಡಿಯಿತು. ಮನೆದೇವರೆದುರು ಕಾಯಿ ಒಡೆದು, ಇನ್ನು ನಿಂತ ಮರಕ್ಕೆ ಮಿಷನ್ ಇಡುವುದಿಲ್ಲ, ತಾನಾಗಿ ಬಿದ್ದದ್ದನ್ನು ಮಾತ್ರ ಕೆತ್ತುತ್ತೇನೆ ಎಂದು ಹೇಳಿಕೊಂಡ. ದೇವರು ಒಪ್ಪಿದ. ಮನುಷ್ಯರನ್ನು ಒಪ್ಪಿಸುವುದೇ ಕಷ್ಟವಾಯಿತು.

೧. ನವಿಲು

ನೆರೆಮನೆಯ ಹಲಸಿನ ಮರ ಗಾಳಿಗೆ ಬಿತ್ತು. "ಅಂಗಳ ಖಾಲಿ ಮಾಡಿ ಕೊಡ್ ಮಾರಾಯ, ಪುಣ್ಯ ಬತ್ತ್" ಎಂದು ನೆರೆಮನೆಯ ಯಜಮಾನರೇ ಗೋಗರೆದರು. ಭಾವ ತಂದು ನವಿಲು ಕೆತ್ತಿದ. ಅದು ಚೆಂದವಾದ ಸುದ್ದಿ ಕೇಳಿ ಅವರು ಆಟೋ ಸಮೇತ ಬಂದರು.

"ಎಂತಕ್ಕೆ ಆಟೋ?"

"ನವಿಲ್ ತಕಂಡ್ ಹೋಪುಕೆ."

"ಮರ ನೀವೇ ಕೊಟ್ಟದ್ದಲ್ದಾ?"

"ಮರ ಕೊಟ್ಟದ್ ಹೌದ್. ಒಳಗೆ ನವಿಲ್ ಇದ್ದದ್ ನಂಗ್ ಗೊತ್ತಿತ್ತಾ?"

೨. ಬೀಜಾಡಿ

ಬೀಜಾಡಿಯ ಕಡಲ ಬದಿಯಲ್ಲಿ, ತೆರೆ ತಂದು ಹಾಕಿದ ದಿಮ್ಮಿಯನ್ನು ಭಾವ ಕೆತ್ತುತ್ತಿದ್ದ. ಹಗ್ಗ ಹಿಡಿಯಲು ನಾನೂ ಹೋಗಿದ್ದೆ. ಮಿಷನ್ ಸದ್ದಿಗೆ ಒಬ್ಬ ಅಜ್ಜಿ ಬಂದರು. "ಹ್ವಾಯ್, ಹೆಂಗೂ ಸ್ಟಾರ್ಟ್ ಆಯ್ತಲೆ, ನಮ್ಮನಿ ತೆಂಗಿನ ಮರನೂ ಕಡ್ದ್ ಕೊಟ್ಟ್ ಹೋಗಿ."

ನಿಂತ ಮರ ಕಡಿಯುವುದಿಲ್ಲ, ದೇವರ ಮುಂದೆ ಹೇಳಿಕೊಂಡದ್ದು ಎಂದು ಭಾವ ತಾಳ್ಮೆಯಿಂದ ತಿಳಿಸಿದ. ಅಜ್ಜಿ ಮಿಷನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಾಂಗಾರೆ ಇದ್ ಎಂತಕ್ಕೆ, ಗಡ್ಡ ಬೋಳ್ಸುಕಾ?"

೩. ನಾವುಂದ



ನಾವುಂದದಲ್ಲಿ ಒಬ್ಬರು ಹೊಸ ರೆಸಾರ್ಟ್ ಕಟ್ಟಿಸಿದ್ದರು. ಗೇಟಿನ ಪಕ್ಕ ಮರದ ಶಿಲ್ಪ ಆಗಬೇಕೆಂದರು. ಭಾವನಿಗೆ ಆ ವರ್ಷ ಬೇರೆ ಕೆಲಸವೇ ಇರಲಿಲ್ಲ. ಮತ್ತೆ ಕೂಲಿಗೆ ಮರ ಕಡಿಯಲು ಹೋಗುವುದೋ ಎಂಬ ಸ್ಥಿತಿ. ಆದರೂ, "ಬಿದ್ದ ಮರ ಇದ್ರೆ ಮಾತ್ರ" ಎಂದ. ಕೆಲವೇ ದಿನಗಳಲ್ಲಿ ಫೋನ್ ಬಂತು. "ಬನ್ನಿ, ಮರ ಬಿದ್ದಿತ್ತ್."

ಹೋದೆವು. ದೊಡ್ಡ ಮಾವಿನ ಮರ ಉದ್ದಕ್ಕೆ ಮಲಗಿದೆ. ಎಲೆ ಹಸಿರು, ಗೊಂಚಲಲ್ಲಿ ಮಿಡಿ. ಪಕ್ಕದಲ್ಲಿ ಜೆಸಿಬಿ, ಅದರ ಬಳಿ ರೆಸಾರ್ಟಿನ ಮಾಲೀಕರು.

"ಇದ್ ಬಿದ್ದದ್ದಾ?" ಎಂದೆ.

"ಹೌದ್ ಮಾರಾಯ್ರೆ. ಬೀಳ್ಸುಕೆ ಅರ್ಧ ದಿನ ಹಿಡೀತ್. ನಿಮ್ಮ ಭಾವ ಹೇಳಿದ್ದ್ ಕೇಂಡೇ ಮಾಡಿದ್ದ್."

ನನ್ನ ಬಾಯಿಗೆ ಬರಬಾರದ ಮಾತೆಲ್ಲ ಬಂತು. ರಾಮ ರಾಮ ಎಂದುಕೊಂಡು ನುಂಗಿದೆ. ಭಾವ ಒಂದು ಮಿಡಿ ಎತ್ತಿ ನೋಡಿ, ಕೆಳಗಿಟ್ಟು, ಮಿಷನ್ನನ್ನು ವಾಪಸ್ ಪಿಕಪ್ಪಿಗೆ ಹಾಕಿದ.

ಮಾಲೀಕರು ಹಿಂದೆಯೇ ಬಂದರು. "ಬಿದ್ದದ್ದನ್ನ ಎಬ್ಸುಕೆ ಆತ್ತಾ? 'ಮರ ಉಳಿಸಿ' ಅಂದಾರೂ ಕೆತ್ತಿ ಕೊಡಿ." ಅಷ್ಟರಲ್ಲಿ ಬಿಸಿಲು ಅವರ ಬೋಳು ತಲೆಗೆ ಏರಿತ್ತು. ಅಂಗೈಯನ್ನು ತಲೆಯ ಮೇಲಿಟ್ಟುಕೊಂಡು ಹೇಳಿದರು, "ಇಲ್ಲ್ ನಿತ್ಕಂಬುಕೆ ಆತಿಲ್ಲೆ. ಬನ್ನಿ, ನೆರಳಂಗೆ ಕೂಕಂಡ್ ಮಾತಾಡ್ವ."

ನಾಲ್ಕೂ ದಿಕ್ಕಿಗೆ ನೋಡಿದರು.

ಭಾವ ಪಿಕಪ್ ಏರಿ, ಬಿದ್ದ ಮರದ ಕಡೆ ಕೈ ತೋರಿಸಿದ. "ನೆರಳ್ ಅಲ್ಲ್ ಮಲ್ಕಂಡಿತ್ತ್. ಎಬ್ಸಿ ಕೂಕಣಿ."

ಅಂಗಳದ ಮರಕ್ಕೆ ಜೆಸಿಬಿ ಕರೆಸುವ ಯೋಚನೆಯಲ್ಲಿ ಇರುವವರು ನಿಮ್ಮ ಗುರುತಿನಲ್ಲಿ ಇದ್ದರೆ, ಅವರು ಫೋನ್ ಮಾಡುವ ಮೊದಲೇ ದಯವಿಟ್ಟು ಈ ಕಥೆ ಹೇಳಿಬಿಡಿ.