ಬೀರು ಸರಿಸಿದ ಎಂಜಿನಿಯರು

ಯಾವ ಕೆಲಸ ಹೇಳಿದರೂ "ಈಗಾಯ್ತು" ಎನ್ನುತ್ತಿದ್ದುದರಿಂದ ಕಚೇರಿಯಲ್ಲಿ ಎಲ್ಲರೂ ಹಾಗೆಂದೇ ಕರೆಯುತ್ತಿದ್ದ ಎಂಜಿನಿಯರು ಅಂದು ಬೆಳಿಗ್ಗೆ ಬಂದವನೇ, ಕೈ ಸುಮ್ಮನಿರಲಾರದೆ, ಪಾಠ ಬದಲಾಯಿಸಿದ.

ಪಾಠವೆಂದರೆ ಮಕ್ಕಳದ್ದಲ್ಲ, ಯಂತ್ರದ್ದು. ತಂತಿಯಿಲ್ಲದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಚಿತ್ರ ಕಳಿಸಿದರೆ ಸಂಕೇತಗಳು ನೇರವಾಗಿಯೂ ಬರುತ್ತವೆ, ಗೋಡೆಗೆ ಕಬ್ಬಿಣಕ್ಕೆ ಬಡಿದು ತಡವಾಗಿಯೂ ಬರುತ್ತವೆ. ಬಸ್ಸಿನ ಬಾಗಿಲಲ್ಲಿ ಮುಗಿಬಿದ್ದ ಜನರಂತೆ ಒಂದರ ಮೇಲೊಂದು ಬಿದ್ದು ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಆ ಗೋಜಲು ಬಿಡಿಸಲೆಂದೇ ಇವನು ಎರಡು ವರ್ಷ ತಲೆ ಕೆಡಿಸಿಕೊಂಡು ಈಕ್ವಲೈಜರ್ ಮಾಡಿದ್ದ. ಮೊದಲು ಕಳಿಸುವ, ಪಡೆಯುವ ಎರಡೂ ಪೆಟ್ಟಿಗೆಗಳಿಗೆ ಗೊತ್ತಿರುವ ಒಂದು ಪಾಠ ಕಳಿಸಬೇಕು. ಬಂದ ಪಾಠವನ್ನು ತನ್ನಲ್ಲಿರುವುದರ ಜೊತೆ ಹೋಲಿಸಿ, ದಾರಿಯಲ್ಲಿ ಏನೇನು ಕೆಟ್ಟಿತೆಂದು ಪಡೆಯುವ ಪೆಟ್ಟಿಗೆ ಕಲಿಯುತ್ತದೆ. ಆಮೇಲೆ ಬರುವುದನ್ನೆಲ್ಲ ತಿದ್ದುತ್ತದೆ.

ಕಳಿಸುವ ಪೆಟ್ಟಿಗೆಗೆ ಹೊಸ ಪಾಠ ಹಾಕಿ ಪಡೆಯುವ ಪೆಟ್ಟಿಗೆಯತ್ತ ಹೊರಟಾಗ ಸ್ಟೋರಿನ ಅಕ್ಕ ಅಡ್ಡ ಬಂದಳು. "ಕಾಫಿ ಆರಿಹೋಗ್ತಿದೆ, ಬಾರೋ!"

ಹೋದ. ಕುಡಿದ. ಮರೆತ.

ಹನ್ನೊಂದಕ್ಕೆ ಯಂತ್ರ ಕೊಳ್ಳಲು ಬಂದ ಅಧಿಕಾರಿಯೊಬ್ಬರನ್ನು ಕರೆದುಕೊಂಡು ಕಂಪನಿಯ ಮೇಡಂ ಬಂದರು. ಪರೀಕ್ಷೆಗೆ ತಮ್ಮದೇ ಫೋಟೋ ಕಳಿಸಲು ಹೇಳಿದರು. ಪರದೆಯ ಮೇಲೆ ಇರುವೆಗೂಡು ಕೆದಕಿದಂತೆ ಏನೋ ಮೂಡಿತು.

"ಇದ್ಯಾರು?" ಎಂದರು ಅಧಿಕಾರಿ.

"ನಾನೇ," ಎಂದರು ಮೇಡಂ, ಹಲ್ಲು ಕಚ್ಚಿಕೊಂಡು.

ಎಂಜಿನಿಯರು ಗಡಬಡಿಸಿ ಸುತ್ತ ನೋಡಿದ. ಮೂಲೆಯಲ್ಲಿ ಕಬ್ಬಿಣದ ಬೀರು ಕಂಡಿತು. "ಈಗಾಯ್ತು ಮೇಡಂ! ಆ ಬೀರು! ಅದಕ್ಕೆ ಬಡಿದು ವಾಪಸ್ ಬರ್ತಿದೆ."

"ಅಂಥದ್ದನ್ನ ಸರಿಮಾಡೋಕೇ ಅಲ್ವೇನ್ರೀ ನಿಮ್ಮ ಯಂತ್ರ ಇರೋದು?" ಎಂದರು ಅಧಿಕಾರಿ.

"ಇದು... ವಿಪರೀತದ ಬೀರು ಸಾರ್."

"ಆ ಬೀರು ಅಲ್ಲಿ ಬೇಡ ಅಂತ ನಾನು ಬಡ್ಕೊಂಡೆ, ಯಾರು ಕೇಳ್ತಾರೆ!" ಎಂದಳು ಸ್ಟೋರಿನ ಅಕ್ಕ. ನಿವೃತ್ತಿಗೆ ಎರಡೇ ತಿಂಗಳು ಬಾಕಿಯಿದ್ದ ಅಟೆಂಡರ್ ಮುಂದೆ ಬಂದು ಹೆಗಲು ಕೊಟ್ಟರು. ಬೀರು ಸರಿಯಿತು, ಸೀದಾ ಅವರ ಕಾಲಿನ ಹೆಬ್ಬೆರಳ ಮೇಲೆ. ಅವರ ಕೂಗಿಗೆ ಇಡೀ ಮಹಡಿ ಓಡಿಬಂತು. ಅಧಿಕಾರಿಯೂ ತೋಳೇರಿಸಿ ಕೈಜೋಡಿಸಿದರು. ಬೀರು ಮದುವೆ ಬೇಡವೆಂದು ಹಟ ಹಿಡಿದ ಹುಡುಗಿಯಂತೆ ಇಂಚಿಂಚಾಗಿ ಬಾಗಿಲತ್ತ ಹೊರಟಿತು.

ಆ ಗದ್ದಲದಲ್ಲಿ ಎಂಜಿನಿಯರು ಪಡೆಯುವ ಪೆಟ್ಟಿಗೆಯತ್ತ ಕಣ್ಣು ಹಾಯಿಸಿದ. ಅದರಲ್ಲಿ ಹಳೇ ಪಾಠವೇ ಇತ್ತು! ಬೆಳಗಿನ ಕಾಫಿ ನೆನಪಾಯಿತು. ಯಾರೂ ನೋಡದಂತೆ ನಾಲ್ಕು ಗುಂಡಿ ಒತ್ತಿ ಹೊಸ ಪಾಠ ಹಾಕಿದ. ಬೀರು ಹೊಸ್ತಿಲು ದಾಟಿತು. ಅದೇ ಕ್ಷಣಕ್ಕೆ ಮೇಡಂ ಮುಖ, ಗಲ್ಲದ ಮಚ್ಚೆ ಸಮೇತ, ಪರದೆಯ ಮೇಲೆ ಬೆಳಗಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಒದ್ದೆ ಬಟ್ಟೆ ಸುತ್ತಿದ ಕಾಲು ಚಾಚಿ ಕೂತಿದ್ದ ಅಟೆಂಡರ್ ಅವನ ಕೈ ಹಿಡಿದುಕೊಂಡರು. "ಬೆರಳಿಗೆ ಪೆಟ್ಟಾದ್ರೂ ಚಿಂತೆಯಿಲ್ಲ ಸಾರ್, ನಿಮ್ಮ ಎರಡು ವರ್ಷದ ಕಷ್ಟ ದಂಡವಾಗಲಿಲ್ಲವಲ್ಲ."

ಅವನಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಮಧ್ಯಾಹ್ನ ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿದ. ಕಿಟಕಿಯಾಚೆ ಅಟೆಂಡರ್ ಕುಂಟುತ್ತ ಹೋಗುವುದು ಕಂಡಾಗಲೆಲ್ಲ ತಲೆ ತಾನಾಗಿ ತಗ್ಗುತ್ತಿತ್ತು. ಮೂರು ಗಂಟೆಗೆ ತಡೆಯಲಾರದೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟ. "ತಪ್ಪು ನನ್ನದು ಮೇಡಂ. ಬೀರಿನದ್ದಲ್ಲ."

ಮೇಡಂ ಎದ್ದು ಬಾಗಿಲು ಹಾಕಿದರು. "ಬಾಯಿ ಬಿಟ್ಟೀರಿ, ಜೋಕೆ! ಆ ಅಧಿಕಾರಿಯದು ದಾಖಲೆ ಕಚೇರಿ ಕಣ್ರೀ. ಏಳು ಮಹಡಿ, ಆರುನೂರ ನಲವತ್ತು ಬೀರು. ಎಲ್ಲ ಸರಿಸ್ತೀವಿ ಅಂತ ಒಪ್ಪಿ, ಯಂತ್ರ ಕೊಳ್ಳೋಕೆ ಸಹಿ ಹಾಕಿ ಹೋಗಿದ್ದಾರೆ. ಒಂದೇ ಷರತ್ತು. ಕೆಟ್ಟ ಬೀರು ಯಾವುದು ಅಂತ ಕಣ್ಣಲ್ಲೇ ಕಂಡುಹಿಡಿಯೋ ಎಂಜಿನಿಯರೇ ಬಂದು ನಿಂತು ಸರಿಸಬೇಕಂತೆ. ನಾಳೆಯಿಂದ ಹೊರಡಿ."

ಕಾಲೆಳೆದುಕೊಂಡು ಹೊರಬಂದ. ಬಾಗಿಲಲ್ಲೇ ಅಟೆಂಡರ್ ಕಾಯುತ್ತಿದ್ದರು.

"ನೀವೊಬ್ಬರೇ ಯಾಕೆ ಕಷ್ಟಪಡ್ತೀರಿ ಸಾರ್? ನಾನೂ ಬರ್ತೀನಿ ಅಂತ ಹೆಸರು ಕೊಟ್ಟಿದ್ದೀನಿ," ಎಂದು ಕಾಲು ನೋಡಿಕೊಂಡು ನಕ್ಕರು. "ಇನ್ನೂ ಒಂಬತ್ತು ಬೆರಳಿವೆಯಲ್ಲ!"